ಗ್ರೈಂಡರ್ ಮುಟ್ಟದೆ ಯೆಜ್ಡಿಯನ್ನು ಕೆಫೆ ರೇಸರ್ ಮಾಡಿದ್ದು

ಫ್ರೇಮಿಗೆ ಕಬ್ಬಿಣ ಕತ್ತರಿಸುವ ಗ್ರೈಂಡರ್ ಹಚ್ಚುವುದಿಲ್ಲ. ಹಳೇ ಯೆಜ್ಡಿ ಬೈಕನ್ನು ಕೆಫೆ ರೇಸರ್ ಮಾಡಲು, ಅಂದರೆ ಭಾರ ಇಳಿಸಿ, ಹ್ಯಾಂಡಲ್ ತಗ್ಗಿಸಿ ರೇಸ್ ಗಾಡಿಯ ಥರ ಮಾಡಲು ಹೊರಟಾಗ ಈ ಒಂದು ಷರತ್ತನ್ನು ಮೊದಲೇ ಹಾಕಿಕೊಂಡಿದ್ದೆ. ಬಿಚ್ಚಿದ ಪ್ರತಿಯೊಂದನ್ನೂ ಮುಂದೆ ಯಾವತ್ತಾದರೂ ಸ್ಪಾನರ್ ಹಿಡಿದು ವಾಪಸ್ ಕೂರಿಸುವ ಹಾಗಿರಬೇಕು, ಅಷ್ಟೇ. ಗೆಳೆಯರಿಗೆ ಹೇಳಿದಾಗ ನಕ್ಕರು. "ಹಿಂದಿನ ಫ್ರೇಮ್ ಕಟ್ ಮಾಡಿಸಿ ರೌಂಡ್ ಪೈಪ್ ವೆಲ್ಡ್ ಮಾಡಿಸ್ದೆ ಅದ್ಯಾವ ಸೀಮೆ ಕೆಫೆ ರೇಸರ್ ಗುರು?" ಅಂದರು. ಪಲ್ಸರ್ ಆಗಿದ್ದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ಇದು ಯೆಜ್ಡಿ, ಅದೂ ನಾನಿರುವುದು ಮೈಸೂರಿನಲ್ಲಿ.

ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಗಾಡಿಗಳು ಹೊರಬರಲು ಶುರುವಾದವು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಅಂತಾಯಿತು. 1996ಕ್ಕೆ ಬಾಗಿಲು ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು ನಿಜ, ಆದರೆ ಅದು ಫೋರ್ ಸ್ಟ್ರೋಕ್ ಗಾಡಿ, ನನ್ನದು ಹಳೇ ಟೂ ಸ್ಟ್ರೋಕ್, ಅದರ ಎಂಜಿನ್ ಪಾರ್ಟು ಇದಕ್ಕೆ ಬರುವುದಿಲ್ಲ. ಅಂದರೆ ಹಳೇ ಫ್ರೇಮ್ ಒಂದು ಹೋದರೆ ಹೋಯಿತು. ನಮ್ಮ ಮೆಕ್ಯಾನಿಕ್ ಭಾಯ್ ಅಂತೂ ನೇರವಾಗಿ ಹೇಳಿಬಿಟ್ಟರು, "ಕಟ್ ಮಾಡೋದಾದ್ರೆ ನನ್ ಹತ್ರ ತರ್ಬೇಡಿ ಸಾರ್. ನಾನು ಕಲ್ತಿದ್ದೇ ಈ ಗಾಡೀಲಿ."

ಇನ್ನು ಫ್ರೇಮ್ ಕತ್ತರಿಸದಿದ್ದರೆ ಅದು 'ಅಸಲಿ ಕೆಫೆ ರೇಸರ್' ಅಲ್ಲ ಅನ್ನುವ ಗೆಳೆಯರ ಮಾತು. ಐವತ್ತು, ಅರವತ್ತರ ದಶಕದ ಇಂಗ್ಲೆಂಡಿನಲ್ಲಿ ಇದನ್ನು ಶುರು ಮಾಡಿದವರು ಶೋ ಬೈಕ್ ಕಟ್ಟುವವರೇನೂ ಅಲ್ಲ. ಕೂಲಿ, ಕೆಲಸ ಮಾಡಿಕೊಂಡಿದ್ದ ಹುಡುಗರು. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರೋಡಿನಲ್ಲಿರುವ ಏಸ್ ಕೆಫೆ 1938ರಲ್ಲಿ ಶುರುವಾಗಿ, ಯುದ್ಧದ ಬಾಂಬಿಗೆ ಸಿಕ್ಕಿ, 1949ರಲ್ಲಿ ಮತ್ತೆ ಎದ್ದು ನಿಂತಿತು. ಈ ಹುಡುಗರೆಲ್ಲ ಸೇರುತ್ತಿದ್ದುದು ಅಂಥ ಕಡೆ. ಗಂಟೆಗೆ ನೂರು ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 160 ಕಿಲೋಮೀಟರ್ ಮುಟ್ಟಬೇಕು ಅನ್ನುವುದೇ ಅವರ ಹುಚ್ಚು. ದಿನಾ ಕೆಲಸಕ್ಕೆ ಓಡಿಸುವ ಗಾಡಿಯನ್ನೇ ಮನೆ ಹಿತ್ತಲಲ್ಲಿ ಬಿಚ್ಚಿ, ಬೇಡದ ಭಾರ ತೆಗೆದು, ಹ್ಯಾಂಡಲ್ ಇಳಿಸಿ, ಕೈಗೆ ಸಿಕ್ಕಿದ್ದನ್ನು ಹಾಕಿ ಓಡಿಸುತ್ತಿದ್ದರು. ಟ್ರಯಂಫ್ ಎಂಜಿನ್ ತೆಗೆದು ನಾರ್ಟನ್ ಫ್ರೇಮಿಗೆ ಕೂರಿಸಿ 'ಟ್ರೈಟನ್' ಅಂತ ಕರೆದವರೂ ಇದ್ದರು. ಹಾಗೆ ನೋಡಿದರೆ ಮನೆಯಲ್ಲಿ, ಕಮ್ಮಿ ದುಡ್ಡಲ್ಲಿ ಮಾಡಿ, ದಿನಾ ಓಡಿಸುವುದೇ ಅಸಲಿ ಅಲ್ವಾ? ಮೂರು ಲಕ್ಷ ಸುರಿದು, ಮಳೆ ಬಂದರೆ ಹೊರಗೆ ತೆಗೆಯದೆ ಇರುವುದು ಬೇರೆಯೇ ಒಂದು ಶೋಕಿ. ತಪ್ಪು ಅನ್ನುವುದಿಲ್ಲ, ನನಗೆ ಆಗುವುದಿಲ್ಲ ಅಷ್ಟೇ.

ಸರಿ, ಗಾಡಿಗೆ ಬರೋಣ. ಕೆಫೆ ರೇಸರ್ ಅಂದ ಕೂಡಲೇ ಎಲ್ಲರೂ ಮೊದಲು ಕೇಳುವುದು ರೇರ್‌ಸೆಟ್, ಅಂದರೆ ಫುಟ್‌ರೆಸ್ಟನ್ನು ಹಿಂದಕ್ಕೆ ಸರಿಸುವುದು. ಯೆಜ್ಡಿಯಲ್ಲಿ ಇದೇ ದೊಡ್ಡ ತಲೆನೋವು. ಓಡಿಸಿದವರಿಗೆ ಗೊತ್ತು, ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ. ಎಡಗಡೆಯ ಅದೇ ಲಿವರನ್ನು ಎತ್ತಿ ಕಿಕ್ ಹೊಡೆಯಬೇಕು, ಸ್ಟಾರ್ಟ್ ಆದಮೇಲೆ ಮುಂದಕ್ಕೆ ತಿರುಗಿಸಿ ಗೇರ್ ಹಾಕಬೇಕು. ಸಾಲದ್ದಕ್ಕೆ ಗೇರ್ ಒತ್ತಿದಾಗ ಒಳಗೆ ಕ್ಲಚ್ ತಾನೇ ಸ್ವಲ್ಪ ಬಿಟ್ಟುಕೊಳ್ಳುವ ವ್ಯವಸ್ಥೆ ಬೇರೆ ಇದೆ. ಈಗ ಫುಟ್‌ರೆಸ್ಟ್ ಒಂದು ಗೇಣು ಹಿಂದೆ ಹೋದರೆ ಪಾದ ಆ ಲಿವರಿಗೆ ಎಟುಕುವುದಿಲ್ಲ. ಮಧ್ಯೆ ರಾಡು, ಜಾಯಿಂಟು ಹಾಕಿ ಎಳೆಯಬಹುದು. ಆದರೆ ಆ ಜಾಯಿಂಟು ಸ್ವಲ್ಪ ಸವೆದು ಆಟ ಬಂತೆಂದರೆ ಗೇರ್ ಅರ್ಧಕ್ಕೆ ನಿಲ್ಲುತ್ತದೆ, ಕ್ಲಚ್ಚೂ ಕೆಡುತ್ತದೆ, ಕಿಕ್ ಹೊಡೆಯಬೇಕಾದಾಗಲೆಲ್ಲ ರಾಡು ಬಿಚ್ಚಬೇಕು. ಹಾಗೆ ಮಾಡಿಸಿದ ಒಂದು ಗಾಡಿ ನೋಡಿದ್ದೇನೆ. ನೋಡೋಕೆ ಸೂಪರ್. ಓನರ್ ಮಾತ್ರ ಪ್ರತಿ ಸಲ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದ.

ನಾನು ಫುಟ್‌ರೆಸ್ಟ್ ಮುಟ್ಟಲಿಲ್ಲ. ಅದು ಮುಟ್ಟಲಿಲ್ಲ ಅಂದಮೇಲೆ ಹ್ಯಾಂಡಲ್ ತೀರಾ ಕೆಳಗೆ ಇಳಿಸುವ ಹಾಗೂ ಇಲ್ಲ. ಕಾಲು ಮುಂದೆ ಚಾಚಿ, ಮೈ ಮುಂದೆ ಬಾಗಿದರೆ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ರಿಂಗ್ ರೋಡ್ ಒಂದು ಸುತ್ತು ಬರುವಷ್ಟರಲ್ಲಿ ಬೆರಳು ಜೋಮು ಹಿಡಿಯುತ್ತದೆ. ಅದಕ್ಕೇ ಕ್ಲಿಪ್-ಆನ್, ಅಂದರೆ ಮುಂದಿನ ಫೋರ್ಕಿಗೇ ಕಚ್ಚಿಸುವ ತಗ್ಗು ಹ್ಯಾಂಡಲ್, ಬಿಟ್ಟು, ಹಳೇ ಕ್ಲ್ಯಾಂಪಿಗೇ ಕೂರುವ ಚಪ್ಪಟೆ ಹ್ಯಾಂಡಲ್ ಹಾಕಿದೆ. ಇಲ್ಲೊಂದು ಮಾತು: ಹ್ಯಾಂಡಲ್ ಬಿಗಿ ಮಾಡುವ ಮೊದಲು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಗ್ರಿಪ್ಪಿಗೂ ಟ್ಯಾಂಕಿಗೂ ನಡುವೆ ಹೆಬ್ಬೆರಳು ಸಿಕ್ಕಿಕೊಳ್ಳಬಾರದು. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರೂ ಕೇಬಲ್ ಉದ್ದ ಜಾಸ್ತಿಯಾಗಿ ಹೆಡ್‌ಲೈಟ್ ಮುಂದೆ ಬಿಲ್ಲಿನಂತೆ ಎದ್ದು ನಿಲ್ಲುತ್ತವೆ. ಕೇಬಲ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಗಿಡ್ಡ ಮಾಡಿ ಕೊಡುತ್ತಾರೆ. ಹಳೇವು ಎತ್ತಿಟ್ಟಿರಿ.

ಇಷ್ಟಪಟ್ಟು ಮಾಡಿದ್ದು ಸೀಟು. ಉದ್ದ ಸೀಟು ಬಿಚ್ಚಿ, ಫ್ರೇಮಿನ ಮೇಲೆ ರಟ್ಟು ಇಟ್ಟು ಪೆನ್ಸಿಲಲ್ಲಿ ಗೆರೆ ಎಳೆದು ಕತ್ತರಿಸಿದೆ. ರಟ್ಟು ಸರಿಯಾಗಿ ಕೂತ ಮೇಲೆ ಅದೇ ಅಳತೆಗೆ ಟಿಂಕರಿಂಗ್ ಅಂಗಡಿಯಲ್ಲಿ ತಗಡು ಮಾಡಿಸಿದೆ, ಹಿಂದೆ ಒಂದು ಡುಬ್ಬ ಸಮೇತ. ಬೋಲ್ಟ್ ತೂತುಗಳು ಹಳೇ ಸೀಟಿನ ಜಾಗಕ್ಕೇ ಬರುವ ಹಾಗೆ. ಕುಷನ್ ಅಂಗಡಿಯವರು ತಗಡನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದೇನ್ ಸಾರ್, ಸೀಟಾ ಮಣೆನಾ?" ಅಂದರು. ಆದರೆ ಕೆಲಸ ಬಲ್ಲವರು. ಮೆತ್ತನೆ ಸ್ಪಂಜು ಒಂದೇ ಹಾಕಿದರೆ ಕೂತ ಕೂಡಲೇ ತಗಡು ಮುಟ್ಟುತ್ತದೆ ಅಂತ ಕೆಳಗೆ ಗಟ್ಟಿ ಫೋಮು, ಮೇಲೆ ತೆಳ್ಳಗೆ ಮೆತ್ತನೆಯದು ಅಂಟಿಸಿದರು. ರೆಕ್ಸಿನ್ ಕವರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿ, ಮೆದುವಾದ ಮೇಲೆ ಇಕ್ಕಳದಲ್ಲಿ ಅಂಚು ಕಚ್ಚಿ ಎಳೆದು, ಬೆರಳಲ್ಲಿ ಸುಕ್ಕು ಸವರಿ, ತಗಡಿನ ಅಡಿಗೆ ಒಂದೊಂದೇ ರಿವೆಟ್ ಹೊಡೆದರು. ಮೂಲೆಯಲ್ಲಿ ಒಂದು ಸುಕ್ಕು ಉಳಿಯಿತು ಅಂತ ಆ ಕಡೆಯ ರಿವೆಟ್ ಪೂರ್ತಿ ಕಿತ್ತು ಮತ್ತೆ ಎಳೆದರು. ನಾನು ಹೇಳಿರಲಿಲ್ಲ.

ಸೈಲೆನ್ಸರ್ ವಿಷಯಕ್ಕೆ ನನ್ನ ಜೊತೆ ಜಗಳಕ್ಕೆ ಬರುವವರು ಜಾಸ್ತಿ. ಗಿಡ್ಡ ಮಾಡಿಸು, ಒಳಗೆ ಶಬ್ದ ತಡೆಯುವ ಬಫಲ್ ಕಿತ್ತು ಬಿಸಾಕು, ಸೌಂಡ್ ನೋಡು ಅಂತಾರೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರ್ ಬರೀ ಶಬ್ದ ಕಮ್ಮಿ ಮಾಡುವ ಡಬ್ಬಿಯಲ್ಲ. ಹೊಗೆ ಹೊರಗೆ ಹೋಗುವಾಗ ಅದರ ಹಿಂದೆಯೇ ಸುಡದ ಪೆಟ್ರೋಲೂ ನುಗ್ಗುತ್ತದೆ, ಸೈಲೆನ್ಸರಿನ ಆ ತುದಿಯಿಂದ ವಾಪಸ್ ಬರುವ ಒತ್ತಡದ ಅಲೆ ಅದರಲ್ಲಿ ಒಂದಷ್ಟನ್ನು ಸಿಲಿಂಡರಿಗೇ ತಳ್ಳುತ್ತದೆ. ಉದ್ದ ಬದಲಾದರೆ ಆ ಅಲೆ ಬರುವ ಹೊತ್ತೂ ಬದಲಾಗುತ್ತದೆ. ಶಬ್ದ ಬರುತ್ತದೆ, ಎಳೆತ ಹೋಗುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಗೊತ್ತಾಗುತ್ತದೆ. ನಾನು ಮಾಡಿದ್ದು ಇಷ್ಟೇ: ಬಫಲ್ ಹೊರಗೆಳೆದು, ಡಾಂಬರಿನ ಹಾಗೆ ಮೆತ್ತಿಕೊಂಡಿದ್ದ ಕರಿಯನ್ನು ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ ತೊಳೆದೆ. ಗ್ಲೌಸ್ ಹಾಕಿಕೊಳ್ಳಿ, ಚರ್ಮ ಸುಡುತ್ತದೆ. ಅಲ್ಯೂಮಿನಿಯಂ ಪಾರ್ಟನ್ನು ಅದರ ಹತ್ತಿರವೂ ತರಬೇಡಿ. ಒಂದು ರೂಪಾಯಿ ಪಾರ್ಟು ಹಾಕದೆ ಗಾಡಿ ಹಗುರವಾಗಿ ಓಡಿತು.

ಕಾನೂನೂ ಇದೆಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತಲೂ ಬಂತು. ಚಾಸಿ ನಂಬರ್ ಇರುವ ಫ್ರೇಮ್ ಕತ್ತರಿಸಿದರೆ ಯಾರಿಗೆ ಏನು ವಿವರಣೆ ಕೊಡೋದು? ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವ ಗಾರ್ಡ್, ಅಂದರೆ ನಮ್ಮ ಸೀರೆ ಗಾರ್ಡ್, ನಿಯಮದಲ್ಲೇ ಇದೆ. ಎಲ್ಲರೂ ಮೊದಲು ಬಿಚ್ಚುವುದು ಅದನ್ನೇ. ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ವಿಡಿಯೋ ನೀವೂ ನೋಡಿರುತ್ತೀರಿ. ಆರ್‌ಸಿ ನವೀಕರಣಕ್ಕೆ ಹೋಗುವಾಗ ನನ್ನ ಗಾಡಿ ಹಳೇ ಸೀಟು, ಹಳೇ ಹ್ಯಾಂಡಲ್, ಹಳೇ ಮಡ್‌ಗಾರ್ಡ್ ಹಾಕಿಕೊಂಡೇ ಹೋಗುತ್ತದೆ.

ದುಡ್ಡು ಜಾಸ್ತಿ ಹೋಗಿದ್ದು ಕಣ್ಣಿಗೆ ಕಾಣದ ಕಡೆ. ಎರಡೂ ಬ್ರೇಕಿಗೆ ಹೊಸ ಲೈನರ್, ಹೊಸ ಟೈರು, ಹೊಸ ವೈರಿಂಗು. ಡ್ರಮ್ ಬ್ರೇಕ್ ಗಾಡಿಯನ್ನು ರೇಸರ್ ಥರ ಕಾಣಿಸುವ ಮೊದಲು ನಿಲ್ಲುವ ಥರ ಮಾಡಬೇಕು. ಇದನ್ನು ಯಾರೂ ಫೋಟೋ ತೆಗೆದು ಹಾಕುವುದಿಲ್ಲ.

ಓಡಿಸೋಕೆ ಹೇಗಿದೆ? ಯೆಜ್ಡಿ ಥರವೇ ಇದೆ. ನೂರು ಮೈಲಿಯ ಕನಸೆಲ್ಲ ಇದಕ್ಕಿಲ್ಲ. ಎಪ್ಪತ್ತರಲ್ಲಿ ಖುಷಿಯಾಗಿ ಹೋಗುತ್ತದೆ, ಎಂಬತ್ತು ದಾಟಿದರೆ ಕನ್ನಡಿ ನಡುಗಿ ಹಿಂದೆ ಇರುವುದು ಬಸ್ಸೋ ಎಮ್ಮೆಯೋ ಗೊತ್ತಾಗುವುದಿಲ್ಲ. ಹೆಂಡತಿ ಹೊಸ ಸೀಟು ನೋಡಿ ಕೇಳಿದ್ದು ಒಂದೇ, "ಚೆನ್ನಾಗಿದೆ ಕಣ್ರೀ, ನಾನೆಲ್ಲಿ ಕೂತ್ಕೊಳ್ಲಿ?" ಹೀಗಾಗಿ ಶನಿವಾರ ರಾತ್ರಿ ಬೋಲ್ಟ್ ಬಿಚ್ಚಿ ಉದ್ದ ಸೀಟು ಹಾಕುವುದು, ಸೋಮವಾರ ಮತ್ತೆ ಬದಲಾಯಿಸುವುದು. ಕಾಫಿ ಕಾಯುವಷ್ಟರಲ್ಲಿ ಮುಗಿಯುತ್ತದೆ. ಈಗ ಬೇಕಿರುವುದು ಟ್ಯಾಂಕಿನ ಎಡಗಡೆಯ ಮಂಡಿ ರಬ್ಬರು, ಒರಿಜಿನಲ್. ಡೂಪ್ಲಿಕೇಟ್ ಹಾಕಿ ನೋಡಿದೆ, ಬಿಸಿಲಿಗೆ ಬಿಟ್ಟುಕೊಂಡಿತು. ಯಾರ ಅಟ್ಟದ ಮೇಲಾದರೂ ಇದ್ದರೆ ಹೇಳಿ, ಬಂದು ತಗೊಂಡು ಹೋಗುತ್ತೇನೆ.