ಮನಾಮದ ನನ್ನ ಅಜಮ್ ನೆರೆಹೊರೆ

ಕಾಲೇಜಿನ ನೆನಪು ಏನಾದರೂ ಬರೆದುಕೊಡಿ ಸರ್ ಅಂತ ಪತ್ರಿಕೆಯ ಹುಡುಗರು ಫೋನ್ ಮಾಡಿದರು. ಕ್ಯಾಂಟೀನು, ಕ್ರಿಕೆಟ್ಟು, ಮಳೆಗಾಲದಲ್ಲಿ ಸೋರುತ್ತಿದ್ದ ಹಿಂದಿನ ಬೆಂಚು, ಇದನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ನಾನು ಇತಿಹಾಸದ ಕ್ಲಾಸಿನ ಒಂದು ಮಾತು ಹಿಡಿದುಕೊಂಡು ಸೀದಾ ಬಹರೈನಿಗೆ ಹೋಗುತ್ತೇನೆ. ದುಡಿದದ್ದೆಲ್ಲ ಅಲ್ಲೇ, ಹಾಗಾಗಿ ನನಗೆ ಹೇಳಲು ಬರುವುದೂ ಅದೇ.

ನಮಗೆ ಆಧುನಿಕ ಭಾರತ ಹೇಳಿಕೊಡುತ್ತಿದ್ದ ಸರ್‌ಗೆ ಸಿಲಬಸ್ ಬಿಟ್ಟು ಆಚೆ ಹೋಗುವ ಚಟ. ಒಂದು ದಿನ ನಕಾಶೆ ಮುಂದೆ ನಿಂತು, "ಬಾಂಬೆ ಪ್ರೆಸಿಡೆನ್ಸಿ ಅಂದರೆ ಬರೀ ಧಾರವಾಡ, ಬೆಳಗಾವಿ, ನಮ್ಮ ಕಾರವಾರ ಅಂದುಕೊಳ್ಳಬೇಡಿ. ಪರ್ಷಿಯನ್ ಕೊಲ್ಲಿಯಲ್ಲಿ ಕೂತಿದ್ದ ಬ್ರಿಟಿಷ್ ರೆಸಿಡೆಂಟ್, ಅಂದರೆ ಸರ್ಕಾರದ ಪ್ರತಿನಿಧಿ, ಸಹ ಒಂದು ಕಾಲಕ್ಕೆ ಬಾಂಬೆಗೇ ಕಾಗದ ಬರೆಯುತ್ತಿದ್ದ" ಅಂದರು. ನಮ್ಮ ಉತ್ತರ ಕನ್ನಡ ಜಿಲ್ಲೆ ಬಾಂಬೆಗೆ ಸೇರಿದ್ದು 1862ರಲ್ಲಿ, ಕೊಲ್ಲಿಯ ವ್ಯವಹಾರ ಬಾಂಬೆ ಕೈಯಿಂದ ನೇರ ಭಾರತ ಸರ್ಕಾರಕ್ಕೆ ಹೋದದ್ದು 1873ರಲ್ಲಿ. ಅಂದರೆ ಕೆಲವು ವರ್ಷ ಕಾರವಾರಕ್ಕೂ ಬಹರೈನಿಗೂ ಕಡತ ತೆರೆಯುತ್ತಿದ್ದ ಸರ್ಕಾರ ಒಂದೇ. ಪರೀಕ್ಷೆಗೆ ಬರಲ್ಲ ಅಂತ ಯಾರೂ ಬರೆದುಕೊಳ್ಳಲಿಲ್ಲ.

ಬಹರೈನಿನ ರಾಜಧಾನಿ ಮನಾಮಕ್ಕೆ ಹೋದಾಗ ಕೆಲಸ ಒಂದು ಸಾಮಾನಿನ ಅಂಗಡಿಯ ಲೆಕ್ಕ ಬರೆಯುವುದು, ವಾಸ ಹಳೇ ಪೇಟೆಯ ಹಿಂದಿನ ಗಲ್ಲಿಯಲ್ಲಿ. ಮನೆ ಮಾಲೀಕರು ವಯಸ್ಸಾದ ಹಾಜಿ. ಅರಬ್ಬರೇ ಇರಬೇಕು ಅಂದುಕೊಂಡಿದ್ದೆ, ಆದರೆ ಮನೆಯೊಳಗೆ ಅವರು ಮಾತಾಡುತ್ತಿದ್ದುದು ಫಾರ್ಸಿ. ಇಂಥವರನ್ನು ಅಲ್ಲಿ ಅಜಮ್ ಅನ್ನುತ್ತಾರೆ. ಇರಾನಿನ ದಕ್ಷಿಣ ಕರಾವಳಿ ಮತ್ತು ಅದರ ಒಳನಾಡಿನಿಂದ, ಬುಶೆಹ್ರ್, ದಶ್ತಿ, ಕಾಜೆರೂನ್ ಕಡೆಯಿಂದ ಬಂದ ಶಿಯಾ ಮುಸ್ಲಿಮರು. ಅದೇ ಕರಾವಳಿಯಿಂದ ಬಂದ ಸುನ್ನಿಗಳಿಗೆ ಹುವಲಾ ಅಂತ ಬೇರೆ ಹೆಸರು. ಅವರು ತಾವು ಮೂಲತಃ ಅರಬ್ಬರು, ಆಚೆ ದಡಕ್ಕೆ ಹೋಗಿ ವಾಪಸ್ ಬಂದವರು ಅನ್ನುತ್ತಾರೆ. ಒಂದೇ ದಡದಿಂದ ದೋಣಿ ಹತ್ತಿದವರಲ್ಲಿ ಒಬ್ಬ ಅರಬ್ಬನಾದ, ಇನ್ನೊಬ್ಬ ಪರ್ಷಿಯನ್ನನಾಗಿಯೇ ಉಳಿದ. ಇದು ನನಗೆ ಬಹಳ ದಿನ ತಲೆಗೆ ಹತ್ತಲಿಲ್ಲ.

ಬೆಳಗ್ಗೆ ಎದ್ದರೆ ಗಲ್ಲಿಯ ತಿರುವಿನಲ್ಲಿದ್ದ ರೊಟ್ಟಿ ಅಂಗಡಿಯ ಹೊಗೆ. ಒಬ್ಬ ಹಿಟ್ಟಿನ ಉಂಡೆ ತಟ್ಟಿ ಬಟ್ಟೆಯ ದಿಂಬಿನ ಮೇಲೆ ಹಾಸುತ್ತಾನೆ, ಇನ್ನೊಬ್ಬ ಅದನ್ನು ತಂದೂರಿನ ಗೋಡೆಗೆ ಬಡಿಯುತ್ತಾನೆ, ಒಂದೆರಡು ನಿಮಿಷಕ್ಕೆ ಕಬ್ಬಿಣದ ಕೊಕ್ಕೆಯಿಂದ ಎಳೆದು ಕಟ್ಟೆಗೆ ಎಸೆಯುತ್ತಾನೆ. ಗಿರಾಕಿಗಳು ರೊಟ್ಟಿಯನ್ನು ತಕ್ಷಣ ಮಡಚುವುದಿಲ್ಲ, ಹರಡಿ ಆರಿಸುತ್ತಾರೆ, ಇಲ್ಲದಿದ್ದರೆ ಬೆವರಿ ಮೆತ್ತಗಾಗುತ್ತದೆ. ಅದಕ್ಕೆ ಹಚ್ಚುವುದು ಮಹ್ಯಾವ. ಸಣ್ಣ ಮೀನನ್ನು ಉಪ್ಪು, ಸಾಸಿವೆ, ಕೊತ್ತಂಬರಿ ಬೀಜದ ಜೊತೆ ಕೊಳೆಹಾಕಿ ಮಾಡುವ ಕಂದು ಬಣ್ಣದ ರಸ. ಇರಾನಿನ ಲಾರೆಸ್ತಾನದ ಕಡೆಯಿಂದ ಬಂದದ್ದಂತೆ, ಈಗ ಇಡೀ ಬಹರೈನಿನದ್ದು. ನನ್ನ ಜೊತೆ ಇದ್ದ ಬಯಲುಸೀಮೆಯ ಗೆಳೆಯ ಮೂಗು ಮುಚ್ಚಿಕೊಂಡು ಓಡಿದ. ಕಾರವಾರದ ಕಡೆಯವನಾದ ನನಗೆ ಏನೂ ತೊಂದರೆ ಆಗಲಿಲ್ಲ, ಒಂದು ಬಾಟಲಿ ತಂದಿಟ್ಟುಕೊಂಡೆ.

ಹಾಜಿಗೆ ಇತಿಹಾಸದ ಹುಚ್ಚು. ನಾನು ಭಾರತದವನು ಅಂತ ಗೊತ್ತಾದದ್ದೇ ಒಳಗಿಂದ ಒಂದು ಹಳೇ ಲಕೋಟೆ ತಂದು ತೋರಿಸಿದರು. ಮೇಲಿದ್ದುದು ಐದನೇ ಜಾರ್ಜ್ ರಾಜನ ತಲೆ ಇದ್ದ ಭಾರತದ ಅಂಚೆಚೀಟಿ, ಅದರ ಮೇಲೆ ಕಪ್ಪು ಅಕ್ಷರದಲ್ಲಿ ಬಹರೈನ್ ಅಂತ ಒತ್ತಿದ್ದರು. 1933ರಿಂದ ಹೀಗೆ ಒತ್ತಿ ಮಾರುತ್ತಿದ್ದರು, ಅದಕ್ಕೂ ಮುಂಚೆ ಬರೀ ಭಾರತದ ಚೀಟಿಯೇ. ದುಡ್ಡೂ ರೂಪಾಯಿಯೇ, ದಿನಾರ್ ಬಂದದ್ದು 1965ರಲ್ಲಿ. ಸರ್ ಹೇಳಿದ್ದು ಇದನ್ನೇ ಅಲ್ವಾ ಅನ್ನಿಸಿತು.

ಆಮೇಲೆ ಓದುತ್ತಾ ಹೋದಂತೆ ಅಜಮ್‌ಗಳ ಕಥೆ ಬಿಚ್ಚಿಕೊಂಡಿತು. ಬಹರೈನ್ ಬ್ರಿಟಿಷರ ವಸಾಹತು ಅಲ್ಲ. ಅಲ್ ಖಲೀಫಾ ಮನೆತನದ ಶೇಖ್‌ಗಳದ್ದೇ ಆಳ್ವಿಕೆ, ಆದರೆ 1880 ಮತ್ತು 1892ರ ಒಪ್ಪಂದಗಳ ನಂತರ ಹೊರಗಿನವರ ಜೊತೆ ವ್ಯವಹಾರವೆಲ್ಲ ಬ್ರಿಟಿಷರನ್ನು ಕೇಳಿಯೇ ಆಗಬೇಕು. ಅಷ್ಟು ಹೊತ್ತಿಗೆ ಮನಾಮದ ತುಂಬ ಪರ್ಷಿಯನ್ನರು. ದೊಡ್ಡ ವ್ಯಾಪಾರಿಗಳೂ ಇದ್ದರು, ಹಮಾಲಿಗಳೂ ಇದ್ದರು. ಆಚೆ ದಡದಲ್ಲಿ ಸುಂಕ ಜಾಸ್ತಿ ಆಯಿತು, ಬರ ಬಂತು, ಈಚೆ ಮುತ್ತಿನ ವ್ಯಾಪಾರ ಜೋರಾಗಿತ್ತು, ದೋಣಿ ಹತ್ತಿದರು. ಮುಂದೆ ಇರಾನಿನ ದೊರೆ ರೆಜಾ ಶಾ ಕಡ್ಡಾಯ ಸೈನ್ಯಕ್ಕೆ ಎಳೆಯಲು ಶುರುಮಾಡಿದ ಮೇಲೆ, 1936ರಲ್ಲಿ ಹೆಂಗಸರ ಪರದೆಗೆ ನಿಷೇಧ ಹಾಕಿದ ಮೇಲೆ, ಇನ್ನಷ್ಟು ಜನ ಬಂದರು.

1904ರ ಕೊನೆಗೆ ಆಳುವ ಶೇಖ್ ಮನೆತನದವನೊಬ್ಬನ ಆಳುಗಳು ಮನಾಮದಲ್ಲಿ ಪರ್ಷಿಯನ್ನರ ಮೇಲೆ ಕೈಮಾಡಿದರು. ಬ್ರಿಟಿಷರು ಮರುವರ್ಷ ಯುದ್ಧನೌಕೆ ತಂದು ನಿಲ್ಲಿಸಿದರು. ಇಲ್ಲಿರುವ ಪರದೇಶದವರೆಲ್ಲ ನಮ್ಮ ರಕ್ಷಣೆಯಲ್ಲಿದ್ದಾರೆ, ಅವರ ನ್ಯಾಯ ತೀರಿಸುವವರು ನಾವು ಅಂದರು. 1919ರಲ್ಲಿ ಅದಕ್ಕೆ ಕಾನೂನಿನ ರೂಪವೂ ಬಂತು. ಪರ್ಷಿಯನ್ನರಿಗೆ ಇದು ಅನುಕೂಲವೇ ಆಯಿತು. ಹೊಸ ಮನಾಮ ಮುನ್ಸಿಪಾಲಿಟಿಯ ಮೇಲ್ವಿಚಾರಣೆಯೂ ಮುಹಮ್ಮದ್ ಶರೀಫ್ ಎಂಬ ಪರ್ಷಿಯನ್ ಕೈಗೆ ಬಂತು, ಅರಬ್ಬರಿಗೆ ಅದು ಸಹಿಸಲಿಲ್ಲ. 1923ರ ಮೇ ತಿಂಗಳಲ್ಲಿ ಪೇಟೆಯಲ್ಲಿ ಪರ್ಷಿಯನ್ನರಿಗೂ ಮಧ್ಯ ಅರೇಬಿಯಾದ ನಜ್ದಿನಿಂದ ಬಂದ ಅರಬ್ಬರಿಗೂ ಹೊಡೆದಾಟವಾಯಿತು. ಬ್ರಿಟಿಷ್ ಏಜೆಂಟ್ ಮೇಜರ್ ಡೇಲಿ ಇದನ್ನೇ ನೆಪ ಮಾಡಿಕೊಂಡು ಮುದಿ ಶೇಖ್ ಈಸಾರನ್ನು ಅಧಿಕಾರದಿಂದ ಇಳಿಸಿ ಮಗ ಹಮದ್ ಕೈಗೆ ಆಡಳಿತ ಕೊಡಿಸಿದ. ಪಾಪ, ಜಗಳ ಯಾರದ್ದೋ, ಲಾಭ ಯಾರಿಗೋ.

ಆಟ ತಿರುಗಿದ್ದು 1927ರಲ್ಲಿ. ಬಹರೈನ್ ನಮ್ಮದು ಅಂತ ಇರಾನ್ ಲೀಗ್ ಆಫ್ ನೇಷನ್ಸ್‌ಗೆ, ಅಂದರೆ ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಗಳ ಸಂಘಕ್ಕೆ, ಹೋಯಿತು. ನಿನ್ನೆವರೆಗೆ ಕಾಪಾಡಬೇಕಾಗಿದ್ದ ಪರ್ಷಿಯನ್ನರು ಇವತ್ತು ಶತ್ರುವಿನ ಸಾಕ್ಷಿಗಳಾದರು. ಇಷ್ಟು ಜನ ನಮ್ಮವರಿದ್ದಾರೆ ನೋಡಿ ಅಂತ ಟೆಹರಾನ್ ಕೈತೋರಿಸಬಾರದಲ್ಲ! ಆಗ ಸರ್ಕಾರ ನಡೆಸುತ್ತಿದ್ದುದು ಶೇಖ್‌ಗೆ ಬ್ರಿಟಿಷ್ ಸಲಹೆಗಾರನಾಗಿದ್ದ ಚಾರ್ಲ್ಸ್ ಬೆಲ್‌ಗ್ರೇವ್, 1926ರಿಂದ 1957ರವರೆಗೆ ಕೂತಿದ್ದ ಆಸಾಮಿ. 1937ರಲ್ಲಿ ಪೌರತ್ವ ಮತ್ತು ಆಸ್ತಿಯ ಕಾನೂನು ಬಂತು. ಬಹರೈನಿ ಅಂತ ಬರೆಸಿಕೊಳ್ಳಿ, ಇಲ್ಲವಾದರೆ ಮನೆ ಅಂಗಡಿ ಇಟ್ಟುಕೊಳ್ಳುವ ಹಾಗಿಲ್ಲ. ಹಾಜಿಯ ಅಪ್ಪ ಬರೆಸಿಕೊಂಡರು, ಚಿಕ್ಕಪ್ಪ ಬರೆಸಿಕೊಳ್ಳಲಿಲ್ಲ. ಅಪ್ಪನ ಕಾಗದವಿದ್ದುದರಿಂದಲೇ ನಾನಿದ್ದ ಮನೆ ಅವರ ಹೆಸರಿನಲ್ಲಿ ಉಳಿದಿತ್ತು. ಚಿಕ್ಕಪ್ಪ ಅಂಗಡಿ ಮಾರಿದರು, ಬಾಡಿಗೆ ಮನೆಗೆ ಹೋದರು, ಅವರ ಮಕ್ಕಳು ಯಾವ ದೇಶದವರೂ ಅಲ್ಲ ಅನ್ನುವ ಸ್ಥಿತಿಯಲ್ಲಿ ಬೆಳೆದರು. ಅಣ್ಣತಮ್ಮಂದಿರು ಒಂದೇ ಚಾಪೆಯಲ್ಲಿ ಊಟಕ್ಕೆ ಕೂರುತ್ತಿದ್ದರಂತೆ, ಆ ವಿಷಯ ಮಾತ್ರ ಎತ್ತುತ್ತಿರಲಿಲ್ಲವಂತೆ.

ನಾವು ಭಾರತೀಯರು ಅಲ್ಲಿಗೆ ಬಂದ ದಾರಿಯೂ ಇದರೊಳಗೇ ಇದೆ. 1932ರಲ್ಲಿ ಜಬಲ್ ದುಖಾನ್ ಗುಡ್ಡದ ಹತ್ತಿರ ಎಣ್ಣೆ ಸಿಕ್ಕಿತು. ಕಂಪನಿಗೆ ಇರಾನಿ ಕೆಲಸಗಾರರು ಬೇಕಾಗಿತ್ತು, ಎಣ್ಣೆ ಕೆಲಸ ಗೊತ್ತಿದ್ದವರು ಅವರೇ. ಬ್ರಿಟಿಷರು ಬೇಡ ಅಂದರು, ಭಾರತದಿಂದ ತರಿಸಿ ಅಂದರು. ಗಲ್ಫ್‌ಗೆ ಹೋದ ನಮ್ಮವರು ಸುಮ್ನೆ ಸಂಬಳ ಜಾಸ್ತಿ ಅಂತ ಹೋದವರು ಅನ್ನುವುದು ಅರ್ಧ ಸತ್ಯ. ಆ ಬಾಗಿಲು ತೆರೆದದ್ದು ಇನ್ನೊಬ್ಬರ ಮುಖಕ್ಕೆ ಮುಚ್ಚಿಯೇ.

ಶಾಲೆಯ ವಿಷಯ ಹೇಳದೆ ಬಿಟ್ಟರೆ ಕಾಲೇಜು ಪತ್ರಿಕೆಗೆ ಬರೆದು ಏನು ಪ್ರಯೋಜನ? ಮನಾಮದ ಪರ್ಷಿಯನ್ನರು 1910ರಲ್ಲೇ ತಮ್ಮ ದುಡ್ಡು ಹಾಕಿ ಇತ್ತಿಹಾದ್ ಎಂಬ ಶಾಲೆ ತೆರೆದಿದ್ದರು. ಬಹರೈನಿನಲ್ಲಿ ಸರ್ಕಾರಿ ಶಾಲೆ ಇನ್ನೂ ಇಲ್ಲದ ಕಾಲವದು. ಇರಾನಿನ ಹಕ್ಕಿನ ಮಾತು ಎದ್ದಾಗಲೆಲ್ಲ ಸರ್ಕಾರದ ಕಣ್ಣು ಈ ಶಾಲೆಯ ಮೇಲೆ. ಮಕ್ಕಳಿಗೆ ಮನೆಮಾತು ಕಲಿಸುವುದೇ ರಾಜಕೀಯ ಆಗಿಬಿಡುತ್ತದೆ, ಹಾಜಿ ಅಷ್ಟೇ ಹೇಳಿ ಚಹಾ ಕುಡಿಯುತ್ತಿದ್ದರು.

ಇರಾನಿನ ಬೇಡಿಕೆ ಮುಗಿದದ್ದು 1970ರಲ್ಲಿ. ವಿಶ್ವಸಂಸ್ಥೆಯ ಪ್ರತಿನಿಧಿ ಬಂದು ಜನರನ್ನು ಕೇಳಿದರು, ಬಹುತೇಕ ಎಲ್ಲರೂ ಸ್ವತಂತ್ರ ದೇಶ ಬೇಕು ಅಂದರು, ಮರುವರ್ಷ ಆಗಸ್ಟ್ 15ಕ್ಕೆ ಬಹರೈನ್ ಸ್ವತಂತ್ರವಾಯಿತು. ಆದರೂ ಇರಾನಿನ ಕ್ರಾಂತಿಯ ಮೇಲೆ ಅಜಮ್‌ಗಳ ಮೇಲೆ ಮತ್ತೆ ಅನುಮಾನ ಬಂತು, ಕಾಗದ ಇಲ್ಲದವರಲ್ಲಿ ಕೆಲವರನ್ನು ದೋಣಿ ಹತ್ತಿಸಿ ಕಳಿಸಿದರು. ಇಂಥವರಲ್ಲಿ ಹೆಚ್ಚಿನವರಿಗೆ ಪೌರತ್ವ ಸಿಕ್ಕಿದ್ದು 2001ರಲ್ಲಿ. ಹಾಜಿಯ ಚಿಕ್ಕಪ್ಪನ ಮೊಮ್ಮಗ ಆ ವರ್ಷ ಪಾಸ್‌ಪೋರ್ಟ್ ಹಿಡಿದುಕೊಂಡು ಬಂದು ಇಡೀ ಗಲ್ಲಿಗೆ ಹಲ್ವಾ ಹಂಚಿದ.

ಈಗಿನ ಇತಿಹಾಸ ವಿಭಾಗದ ಮಕ್ಕಳಿಗೆ ಒಂದು ಮಾತು. ಆಗಿನ ಬ್ರಿಟಿಷ್ ಕಡತಗಳ ದೊಡ್ಡ ಭಾಗ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತದೆ, ಇಂಗ್ಲಿಷ್ ಬಂದರೆ ಸಾಕು. ಪ್ರಾಜೆಕ್ಟಿಗೆ ವಿಷಯ ಇಲ್ಲ ಅಂತ ಗೊಣಗುವವರು 1937ರ ಕಾನೂನಿನ ಸುತ್ತ ನಡೆದ ಪತ್ರವ್ಯವಹಾರ ತೆಗೆದು ಓದಿ. ಯಾರಾದರೂ ಕೈಹಾಕಿದರೆ ನನಗೆ ತಿಳಿಸಿ, ಹಾಜಿಯ ಮನೆಯವರ ಜೊತೆ ಮಾತಾಡಿಸುತ್ತೇನೆ.