ಬೀಸದೆ ಬಿಡುವ ಕಲೆ: ‘ಎಂಎಲ್‌ಬಿ ದಿ ಶೋ’ ಚೆನ್ನಾಗಿ ಆಡುವ ಬಗೆ

ಕನ್ಸೋಲ್‌ನಲ್ಲಿ ಬೇಸ್‌ಬಾಲ್ ಆಡಲು ಕುಳಿತವರೆಲ್ಲ ಮೊದಲು ನಂಬುವುದು ಬೆರಳಿನ ಚುರುಕನ್ನು. ಚೆಂಡು ಬರುತ್ತದೆ, ಬಟನ್ ಒತ್ತಬೇಕು, ತಕ್ಕ ಹೊತ್ತಿಗೆ ಒತ್ತಿದವರು ಗೆಲ್ಲುತ್ತಾರೆ ಎಂಬ ಎಣಿಕೆ ಅದು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ (ಎಂಎಲ್‌ಬಿ) ಆಧರಿಸಿದ ‘ಎಂಎಲ್‌ಬಿ ದಿ ಶೋ’ ವಿಡಿಯೊ ಗೇಮ್ ಸರಣಿಯನ್ನು ಹಲವು ಆವೃತ್ತಿಗಳಿಂದ ಆಡುತ್ತ ಬಂದಿರುವ ನನಗೆ ಈಗ ಖಚಿತವಾಗಿರುವ ಸಂಗತಿಯೇ ಬೇರೆ. ಇಲ್ಲಿ ಒಳ್ಳೆಯ ಆಟಗಾರರನ್ನು ಉಳಿದವರಿಂದ ಬೇರ್ಪಡಿಸುವುದು ಅವರು ಹೊಡೆದ ಎಸೆತಗಳಿಗಿಂತ ಹೆಚ್ಚಾಗಿ ಅವರು ಬೀಸದೆ ಬಿಟ್ಟ ಎಸೆತಗಳು. ಸೋನಿಯ ಸ್ಯಾನ್ ಡಿಯೇಗೊ ಸ್ಟುಡಿಯೊ 2006ರಲ್ಲಿ ಆರಂಭಿಸಿದ ಈ ಸರಣಿ ಬಹುಕಾಲ ಪ್ಲೇಸ್ಟೇಷನ್‌ಗೆ ಮಾತ್ರ ಸೀಮಿತವಾಗಿತ್ತು. 2021ರಲ್ಲಿ ಎಕ್ಸ್‌ಬಾಕ್ಸ್‌ಗೂ 2022ರಲ್ಲಿ ನಿಂಟೆಂಡೊ ಸ್ವಿಚ್‌ಗೂ ಬಂದಿತು. ಹಾಗಾಗಿ ಈ ಆಟಕ್ಕೆ ಹೊಸಬರು ಈಗ ಬಹಳ ಮಂದಿ ಇದ್ದಾರೆ, ಅವರಲ್ಲಿ ಹೆಚ್ಚಿನವರು ಕಣ್ಣಿಗೆ ಬಿದ್ದ ಪ್ರತಿ ಎಸೆತಕ್ಕೂ ಬ್ಯಾಟ್ ಬೀಸುತ್ತಾರೆ.

ಹೀಗೆ ಬೀಸುವುದು ಏಕೆ ಫಲ ಕೊಡುವುದಿಲ್ಲ ಎಂಬುದನ್ನು ತಿಳಿಯಲು ನಿಜವಾದ ಮೈದಾನದ ಅಳತೆಗಳನ್ನೇ ನೋಡಬೇಕು. ಪಿಚರ್, ಅಂದರೆ ಚೆಂಡೆಸೆಯುವವನು ನಿಲ್ಲುವ ಪಟ್ಟಿಯಿಂದ, ಬ್ಯಾಟರ್‌ನ ಪಕ್ಕದ ನೆಲದಲ್ಲಿರುವ ಹೋಮ್ ಪ್ಲೇಟ್ ಎಂಬ ಫಲಕಕ್ಕೆ ಇರುವ ದೂರ 60 ಅಡಿ 6 ಇಂಚು, ಅಂದರೆ ಸುಮಾರು 18.4 ಮೀಟರ್. ಗಂಟೆಗೆ 95 ಮೈಲಿ ವೇಗದ ಫಾಸ್ಟ್‌ಬಾಲ್ ಕೈಬಿಟ್ಟ ಕ್ಷಣದಿಂದ ಪ್ಲೇಟ್ ತಲುಪಲು ಹೆಚ್ಚುಕಡಿಮೆ 0.4 ಸೆಕೆಂಡು ಸಾಕು. ಈ ಅವಧಿಯಲ್ಲಿ ಎಸೆತವನ್ನು ಗುರುತಿಸಬೇಕು, ಅದು ಎಲ್ಲಿ ಬೀಳುತ್ತದೆಂದು ಅಂದಾಜಿಸಬೇಕು, ಬೀಸಬೇಕೋ ಬೇಡವೋ ಎಂದು ನಿರ್ಧರಿಸಬೇಕು, ಆಮೇಲೆ ಬೀಸಬೇಕು. ಆಟದ ಮೇಲಿನ ಹಂತಗಳಲ್ಲಿ ತೆರೆಯ ಮೇಲೆ ದೊರೆಯುವ ಸಮಯವೂ ಇಷ್ಟೇ ಬಿಗಿಯಾಗಿರುತ್ತದೆ. ಇಷ್ಟು ಕಡಿಮೆ ಹೊತ್ತಿನಲ್ಲಿ ಎಲ್ಲ ಬಗೆಯ ಎಸೆತಗಳಿಗೂ ಸಿದ್ಧರಾಗಿರಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ನಿರ್ಧಾರದ ಬಹುಪಾಲು ಪಿಚರ್ ಕೈಯೆತ್ತುವುದಕ್ಕೆ ಮುಂಚೆಯೇ ಆಗಿರಬೇಕು.

ಅದಕ್ಕೂ ಮೊದಲು ಟಿವಿಯನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು. ಇಂದಿನ ಟಿವಿಗಳು ಚಿತ್ರವನ್ನು ನುಣುಪುಗೊಳಿಸುವ ಸಂಸ್ಕರಣೆಗಾಗಿ ಪ್ರತಿ ಚೌಕಟ್ಟನ್ನೂ ತುಸು ಹಿಡಿದಿಟ್ಟುಕೊಂಡು ತೋರಿಸುತ್ತವೆ. ಸಿನಿಮಾ ನೋಡುವಾಗ ತಿಳಿಯದ ಈ ವಿಳಂಬ 0.4 ಸೆಕೆಂಡಿನ ಆಟದಲ್ಲಿ ದೊಡ್ಡ ನಷ್ಟವಾಗುತ್ತದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿಕೊಂಡರೆ ಈ ಸಂಸ್ಕರಣೆಯ ಬಹುಭಾಗ ನಿಲ್ಲುತ್ತದೆ. ‘ನನಗೆ ಫಾಸ್ಟ್‌ಬಾಲ್ ಹೊಡೆಯಲು ಬರುವುದೇ ಇಲ್ಲ’ ಎಂದುಕೊಂಡವರು ಮೊದಲು ನೋಡಬೇಕಾದದ್ದು ಇದನ್ನೇ. ಬ್ಯಾಟಿಂಗ್ ಕ್ಯಾಮೆರಾವನ್ನೂ ಬದಲಿಸಿಕೊಳ್ಳಿ. ‘ಸ್ಟ್ರೈಕ್ ಝೋನ್’ ಹೆಸರಿನ ಕ್ಯಾಮೆರಾಗಳು ಪಿಚರ್‌ನನ್ನೂ ಪ್ಲೇಟನ್ನೂ ಹತ್ತಿರದಿಂದ ತೋರಿಸುವುದರಿಂದ ಚೆಂಡು ಕೈಯಿಂದ ಹೊರಡುವ ಬಿಂದು ಸ್ಪಷ್ಟವಾಗಿ ಕಾಣುತ್ತದೆ. ಟಿವಿ ಪ್ರಸಾರದಂತೆ ಕಾಣುವ ದೂರದ ಕ್ಯಾಮೆರಾಗಳು ಅಂದವಾಗಿವೆ, ಆದರೆ ಆಡಲು ಹೇಳಿ ಮಾಡಿಸಿದವಲ್ಲ.

ಬ್ಯಾಟಿಂಗ್ ನಿಯಂತ್ರಣದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಡೈರೆಕ್ಷನಲ್ ಎಂಬ ಬಗೆಯಲ್ಲಿ ಬೀಸುವ ಸಮಯ ಮತ್ತು ಚೆಂಡನ್ನು ಯಾವ ಕಡೆಗೆ ಕಳಿಸಬೇಕೆಂಬ ಒಲವು ಮಾತ್ರ ನಮ್ಮದು, ಉಳಿದದ್ದನ್ನು ಬ್ಯಾಟರ್‌ನ ಗುಣಾಂಕಗಳು ನಿರ್ಧರಿಸುತ್ತವೆ. ಝೋನ್ ಎಂಬ ಬಗೆಯಲ್ಲಿ ಪ್ಲೇಟ್ ಕವರೇಜ್ ಇಂಡಿಕೇಟರ್, ಅಂದರೆ ಎಲ್ಲರೂ ಪಿಸಿಐ ಎಂದು ಕರೆಯುವ ಗುರುತನ್ನು ಎಡ ಸ್ಟಿಕ್‌ನಿಂದ ಚೆಂಡು ಬರುವ ಜಾಗಕ್ಕೆ ಒಯ್ದು, ಸರಿಯಾದ ಕ್ಷಣದಲ್ಲಿ ಬಟನ್ ಒತ್ತಬೇಕು. ಆರಂಭದಲ್ಲಿ ಕಷ್ಟವೆನಿಸಿದರೂ ಝೋನ್‌ನಲ್ಲೇ ಕಲಿಯಿರಿ ಎಂಬುದು ನನ್ನ ಸಲಹೆ, ಏಕೆಂದರೆ ಎಸೆತ ಎಲ್ಲಿ ಬಿತ್ತೆಂದು ಸರಿಯಾಗಿ ಕಂಡವರಿಗೆ ಅದರ ಫಲ ಪೂರ್ತಿಯಾಗಿ ದೊರೆಯುವುದು ಅಲ್ಲಿ ಮಾತ್ರ. ಸ್ಟಿಕ್ಕನ್ನು ಮೂಲೆಯಿಂದ ಮೂಲೆಗೆ ಎಳೆದಾಡುವುದು ಬೇಡ. ಗುರುತು ನಡುವಿನಲ್ಲಿದ್ದಾಗ ಹೆಬ್ಬೆರಳಿನ ಸಣ್ಣ ಒತ್ತಡವೇ ಸಾಕಾಗುತ್ತದೆ. ಕಣ್ಣು ಮಾತ್ರ ಎಂದಿಗೂ ಆ ಗುರುತಿನ ಮೇಲಿರಬಾರದು, ಪಿಚರ್‌ನ ಕೈಯ ಮೇಲಿರಬೇಕು. ಪವರ್ ಸ್ವಿಂಗ್ ಬಳಸಿದರೆ ಪಿಸಿಐ ಕುಗ್ಗುತ್ತದೆ, ಕಾಂಟ್ಯಾಕ್ಟ್ ಸ್ವಿಂಗ್ ಬಳಸಿದರೆ ಹಿಗ್ಗುತ್ತದೆಯಾದರೂ ಹೊಡೆತದ ಬಲ ತಗ್ಗುತ್ತದೆ. ಸಾಮಾನ್ಯ ಸ್ವಿಂಗ್‌ನಲ್ಲೇ ಹೋಮ್ ರನ್‌ಗಳು ಧಾರಾಳವಾಗಿ ಬರುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕ್ರಿಕೆಟ್‌ನಲ್ಲಿ ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಎಷ್ಟು ಸಲ ಬಿಟ್ಟರೂ ಬ್ಯಾಟರ್‌ಗೆ ನೇರ ಪ್ರತಿಫಲವಿಲ್ಲ, ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಪ್ಲೇಟಿನ ಮೇಲೆ, ಬ್ಯಾಟರ್‌ನ ಮೊಣಕಾಲಿನಿಂದ ಎದೆಯವರೆಗಿನ ಕಾಲ್ಪನಿಕ ಚೌಕವೇ ಸ್ಟ್ರೈಕ್ ಝೋನ್. ಅದರ ಹೊರಗೆ ಬಿದ್ದು, ಬೀಸದೆ ಬಿಟ್ಟ ಎಸೆತಕ್ಕೆ ‘ಬಾಲ್’ ಎನ್ನುತ್ತಾರೆ. ಅಂಥ ನಾಲ್ಕಾದರೆ ಮೊದಲ ಬೇಸ್ (ಓಟಗಾರ ಸುತ್ತಬೇಕಾದ ನಾಲ್ಕು ನಿಲ್ದಾಣಗಳಲ್ಲಿ ಮೊದಲನೆಯದು) ಉಚಿತ, ಇದಕ್ಕೆ ‘ವಾಕ್’ ಎಂದು ಹೆಸರು. ಝೋನಿನೊಳಗೆ ಬಿದ್ದದ್ದನ್ನು ಬಿಟ್ಟರೂ, ಬೀಸಿ ತಪ್ಪಿದರೂ ಅದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್. ಹೀಗಾಗಿ ಬೀಸದೆ ಬಿಟ್ಟ ಪ್ರತಿ ಎಸೆತವೂ ಈ ಎರಡು ಲೆಕ್ಕಗಳಲ್ಲಿ ಒಂದನ್ನು ಮುಂದಕ್ಕೆ ತಳ್ಳುತ್ತದೆ. ಎರಡು ಬಾಲ್ ಆಗಿ ಸ್ಟ್ರೈಕ್ ಒಂದೂ ಇಲ್ಲದಾಗ, ಇಲ್ಲವೇ ಮೂರು ಬಾಲ್, ಒಂದು ಸ್ಟ್ರೈಕ್ ಇದ್ದಾಗ ಪಿಚರ್ ಝೋನಿನೊಳಗೆ ಎಸೆಯಲೇಬೇಕಾದ ಒತ್ತಡದಲ್ಲಿರುತ್ತಾನೆ, ಮತ್ತು ಅಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಹೋಗುವುದು ಫಾಸ್ಟ್‌ಬಾಲ್‌ನ ಕಡೆಗೇ. ಎರಡು ಸ್ಟ್ರೈಕ್ ಆಗಿ ಬಾಲ್ ಒಂದೂ ಇಲ್ಲದಾಗ ಅವನಿಗೆ ಯಾವ ಅವಸರವೂ ಇಲ್ಲ. ಕೊನೆಯಲ್ಲಿ ಪಕ್ಕಕ್ಕೆ ಸರಿಯುವ ಸ್ಲೈಡರ್ ಒಂದನ್ನು ಪ್ಲೇಟಿನ ಹೊರಗೆ, ಮೊಣಕಾಲಿಗಿಂತ ಕೆಳಗೆ ಜಾರಿಸಿ ನೀವು ಬೀಸುತ್ತೀರಾ ಎಂದು ಕಾಯುತ್ತಾನೆ. ಅದೇ ಬ್ಯಾಟರ್, ಅದೇ ಪಿಚರ್. ಲೆಕ್ಕ ಬದಲಾದೊಡನೆ ಆಟವೇ ಬದಲಾಗುತ್ತದೆ. ಮೊದಲ ಎರಡು ಎಸೆತಗಳನ್ನು ಹೇಗೆ ಆಡುತ್ತೀರಿ ಎಂಬುದರಲ್ಲೇ ಆ ಬ್ಯಾಟರ್‌ನ ಭವಿಷ್ಯದ ಅರ್ಧ ಅಡಗಿರುತ್ತದೆ.

ಆದ್ದರಿಂದ ಎರಡು ಸ್ಟ್ರೈಕ್ ಆಗುವವರೆಗೆ ನಾನು ಒಂದೇ ಬಗೆಯ ಎಸೆತವನ್ನು, ಒಂದೇ ಜಾಗದಲ್ಲಿ ಹುಡುಕುತ್ತೇನೆ. ಪ್ಲೇಟಿನ ಒಳ ಅರ್ಧದಲ್ಲಿ, ಸೊಂಟದ ಎತ್ತರಕ್ಕೆ ಬರುವ ಫಾಸ್ಟ್‌ಬಾಲ್ ಎಂದಿಟ್ಟುಕೊಳ್ಳಿ. ಅದು ಬಂದರೆ ಬೀಸುತ್ತೇನೆ, ಹೊರ ಅಂಚಿನಲ್ಲಿ, ಬಾಗಿ ಕೆಳಗಿಳಿಯುವ ಸುಂದರವಾದ ಕರ್ವ್‌ಬಾಲ್ ಝೋನಿನೊಳಗೇ ಬಿದ್ದು ಸ್ಟ್ರೈಕ್ ಆದರೂ ಬಿಡುತ್ತೇನೆ, ಏಕೆಂದರೆ ಅಂಥದನ್ನು ಬೆನ್ನಟ್ಟಿ ಹೊಡೆದರೆ ಸಿಗುವುದು ಸಾಮಾನ್ಯವಾಗಿ ನೆಲಕ್ಕೆ ಉರುಳುವ ದುರ್ಬಲ ಹೊಡೆತ. ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್ 1941ರಲ್ಲಿ .406 ಸರಾಸರಿ (ಅಂದರೆ ಹತ್ತು ಅವಕಾಶಗಳಲ್ಲಿ ನಾಲ್ಕಕ್ಕೂ ತುಸು ಹೆಚ್ಚು ಯಶಸ್ವಿ ಹೊಡೆತ) ಗಳಿಸಿದಾಗ ಇಡೀ ಋತುವಿನಲ್ಲಿ ಸ್ಟ್ರೈಕ್‌ಔಟ್ ಆದದ್ದು 27 ಸಲ ಮಾತ್ರ, ವಾಕ್ ಪಡೆದದ್ದು ಅದರ ಹಲವು ಪಟ್ಟು. ತನಗೆ ಬೇಕಾದ ಚೆಂಡಿಗಾಗಿ ಕಾಯುವುದೇ ಆತನ ಬ್ಯಾಟಿಂಗಿನ ಮೂಲತತ್ತ್ವವಾಗಿತ್ತು. ಆತನ ನಂತರ ಮೇಜರ್ ಲೀಗ್‌ನ ಎರಡು ವಿಭಾಗಗಳಾದ ಅಮೆರಿಕನ್, ನ್ಯಾಷನಲ್ ಲೀಗ್‌ಗಳಲ್ಲಿ ಯಾರೂ ಪೂರ್ಣ ಋತುವೊಂದರಲ್ಲಿ .400 ಮುಟ್ಟಿಲ್ಲ.

ಸಮಯದ ವಿಷಯದಲ್ಲಿಯೂ ಒಂದು ಪಕ್ಷ ಹಿಡಿಯಲೇಬೇಕು. ಫಾಸ್ಟ್‌ಬಾಲ್‌ನ ವೇಗಕ್ಕೆ ಸಿದ್ಧರಾಗಿದ್ದು, ನಿಧಾನದ ಎಸೆತ ಬಂದಾಗ ತಡೆದುಕೊಳ್ಳಲು ಸಾಧ್ಯವಿದೆ. ನಿಧಾನದ ಎಸೆತಕ್ಕಾಗಿ ಕಾಯುತ್ತಿದ್ದು ಫಾಸ್ಟ್‌ಬಾಲ್‌ಗೆ ಹೊತ್ತಿಗೆ ಸರಿಯಾಗಿ ಬೀಸಲು ಸಾಧ್ಯವೇ ಇಲ್ಲ. ಪ್ರತಿ ಬೀಸಿನ ನಂತರ ತೆರೆಯ ಮೇಲೆ ಬರುವ ವಿವರವನ್ನು ಓದದೆ ಮುಂದಿನ ಎಸೆತಕ್ಕೆ ಹೋಗಬೇಡಿ. ನೀವು ಬೇಗ ಬೀಸಿದಿರೋ ತಡವಾಗಿಯೋ, ಪಿಸಿಐ ಚೆಂಡಿಗಿಂತ ಮೇಲಿತ್ತೋ ಕೆಳಗಿತ್ತೋ ಎಂಬುದೆಲ್ಲ ಅಲ್ಲಿರುತ್ತದೆ. ಫಾಸ್ಟ್‌ಬಾಲ್‌ನಂತೆ ಕಂಡು ನಿಧಾನವಾಗಿ ಬರುವ ಚೇಂಜಪ್‌ಗೆ ತುಸು ಬೇಗ ಬೀಸಿದ್ದರೆ ಅದರಿಂದ ಗಾಬರಿಯಾಗಬೇಕಿಲ್ಲ, ಫಾಸ್ಟ್‌ಬಾಲ್‌ಗೆ ಪದೇ ಪದೇ ತಡವಾಗುತ್ತಿದ್ದರೆ ನಿಮ್ಮ ಮನಸ್ಸು ಏಕಕಾಲಕ್ಕೆ ಹಲವು ಎಸೆತಗಳನ್ನು ನಿರೀಕ್ಷಿಸುತ್ತಿದೆ ಎಂದರ್ಥ. ಸಮಯ, ಜಾಗ ಎರಡೂ ಸರಿಯಾಗಿದ್ದು ಸಿಡಿದ ಚೆಂಡು ನೇರವಾಗಿ ಫೀಲ್ಡರ್‌ನ ಕೈ ಸೇರಿದಾಗ ಬೇಸರವಾಗುವುದು ಸಹಜ. ಆದರೆ 2024ರಲ್ಲಿ ಇಡೀ ಮೇಜರ್ ಲೀಗ್‌ನ ಬ್ಯಾಟಿಂಗ್ ಸರಾಸರಿ .243 ಇತ್ತು ಎಂಬುದನ್ನು ನೆನೆದರೆ, ಆಟ ತನ್ನ ಮೂಲಕ್ಕೆ ನಿಷ್ಠವಾಗಿಯೇ ಇದೆ ಎಂದು ಒಪ್ಪಬೇಕಾಗುತ್ತದೆ.

ಎಸೆತ ಗುರುತಿಸುವ ಶಕ್ತಿ ಪಂದ್ಯಗಳಲ್ಲಿ ಬೆಳೆಯುವುದಕ್ಕಿಂತ ಬೇಗ ಅಭ್ಯಾಸದ ವಿಭಾಗದಲ್ಲಿ ಬೆಳೆಯುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಯೋಜನ ಕೊಟ್ಟ ಕ್ರಮವೆಂದರೆ, ನೀವು ಆಡುವ ಹಂತಕ್ಕಿಂತ ಒಂದು ಹಂತ ಮೇಲಿಟ್ಟು, ಕಠಿಣ ಪಿಚರ್ ಒಬ್ಬನನ್ನು ಆರಿಸಿಕೊಂಡು, ಬ್ಯಾಟ್ ಬೀಸದೆಯೇ ಪ್ರತಿ ಎಸೆತದ ಹೆಸರನ್ನು ಗಟ್ಟಿಯಾಗಿ ಹೇಳುತ್ತ ಹೋಗುವುದು. ಕರ್ವ್‌ಬಾಲ್ ಕೈಬಿಟ್ಟೊಡನೆ ತುಸು ಮೇಲಕ್ಕೇಳುವುದು, ಸಿಂಕರ್ ಕೊನೆಯಲ್ಲಿ ಕುಸಿಯುವುದು, ಸ್ಲೈಡರ್ ಫಾಸ್ಟ್‌ಬಾಲ್‌ನಂತೆಯೇ ಹೊರಟು ತಡವಾಗಿ ಪಕ್ಕಕ್ಕೆ ಸರಿಯುವುದು, ಇವೆಲ್ಲ ಬಟನ್ನಿನ ಚಿಂತೆ ಇಲ್ಲದಾಗ ಕಣ್ಣಿಗೆ ನಾಟುತ್ತವೆ. ಬಳಿಕ ಝೋನಿನೊಳಗೆ ಬಿದ್ದದ್ದೋ ಹೊರಗೋ ಎಂಬುದನ್ನೂ ಸೇರಿಸಿ ಹೇಳಲು ಆರಂಭಿಸಿ.

ಹೀಗೆ ಎಸೆತಗಳನ್ನು ಬಿಡಲು ಕಲಿತವರಿಗೆ ಇನ್ನೊಂದು ಲಾಭವೂ ಇದೆ. ಎದುರಾಳಿಯ ಪಿಚರ್ ಹೆಚ್ಚು ಎಸೆತ ಎಸೆಯಬೇಕಾಗುತ್ತದೆ, ಅವನ ಚೈತನ್ಯ ಬೇಗ ಇಳಿಯುತ್ತದೆ, ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯದಲ್ಲಿ ಐದು ಆರನೆಯ ಇನ್ನಿಂಗ್ಸ್‌ನ ಹೊತ್ತಿಗೆ ಅಂಚಿಗೆ ಗುರಿಯಿಟ್ಟ ಚೆಂಡುಗಳು ಪ್ಲೇಟಿನ ನಡುವಿಗೆ ತೇಲಿ ಬರತೊಡಗುತ್ತವೆ.

ಪಿಚಿಂಗ್ ಎಂದರೆ ಇದೇ ವಿದ್ಯೆಯನ್ನು ಆಚೆ ಬದಿಯಿಂದ ನೋಡುವುದು. 2021ರ ಆವೃತ್ತಿಯಲ್ಲಿ ಬಂದ ಪಿನ್‌ಪಾಯಿಂಟ್ ಎಂಬ ನಿಯಂತ್ರಣದಲ್ಲಿ ಪ್ರತಿ ಎಸೆತಕ್ಕೂ ಒಂದೊಂದು ಆಕೃತಿ ಇದ್ದು, ಅದನ್ನು ಬಲ ಸ್ಟಿಕ್‌ನಿಂದ ಸರಿಯಾದ ಲಯದಲ್ಲಿ ಬರೆಯಬೇಕು. ಆಕೃತಿ ಶುದ್ಧವಾಗಿದ್ದು ಕೊನೆಯ ಚಲನೆ ಸಮಯಕ್ಕೆ ಬಿದ್ದರೆ ಚೆಂಡು ಬಹುಮಟ್ಟಿಗೆ ಹೇಳಿದಲ್ಲಿಗೇ ಹೋಗುತ್ತದೆ. ಕಲಿಯಲು ಇದಕ್ಕಿಂತ ಕಷ್ಟದ ಬಗೆ ಇನ್ನೊಂದಿಲ್ಲ, ಕಲಿತ ಮೇಲೆ ಬೇರೆಯದಕ್ಕೆ ಮರಳಲು ಮನಸ್ಸೂ ಬರುವುದಿಲ್ಲ. ಆದರೆ ನಿಖರತೆ ಇದ್ದರಷ್ಟೇ ಸಾಲದು, ಮುಂದಿನ ಎಸೆತ ಹಿಂದಿನದರ ನೆನಪನ್ನು ಬಳಸಿಕೊಳ್ಳಬೇಕು. ಝೋನಿನ ಮೇಲಂಚಿನಲ್ಲಿ ಫಾಸ್ಟ್‌ಬಾಲ್ ನೋಡಿದ ಬ್ಯಾಟರ್‌ಗೆ ಅದೇ ಕೈಚಲನೆಯಿಂದ ಗಂಟೆಗೆ ಎಂಟು ಹತ್ತು ಮೈಲಿ ನಿಧಾನವಾಗಿ, ಕೆಳಗಂಚಿಗೆ ಇಳಿಯುವ ಚೇಂಜಪ್ ಕೊಟ್ಟರೆ ಅವನ ಬ್ಯಾಟ್ ಚೆಂಡಿಗಿಂತ ಬಹಳ ಮುಂಚೆ ಹಾದುಹೋಗುತ್ತದೆ. ಒಂದೇ ಎಸೆತವನ್ನು ಒಂದೇ ಜಾಗಕ್ಕೆ ಬೆನ್ನುಬೆನ್ನಿಗೆ ಎಸೆಯುವುದು, ಅದು ಮೊದಲ ಸಲ ಎಷ್ಟೇ ಚೆನ್ನಾಗಿ ಫಲಿಸಿದ್ದರೂ, ಅಪಾಯಕಾರಿ.

ಈ ಸಂದರ್ಭದಲ್ಲಿ 2023ರ ಆವೃತ್ತಿಯಲ್ಲಿ ಸೇರಿಸಲಾದ ನೀಗ್ರೊ ಲೀಗ್‌ಗಳ ಕಥಾನಕಗಳನ್ನು ಹೇಳದಿರಲು ಮನಸ್ಸಾಗದು. ವರ್ಣಭೇದದ ಕಾರಣ ಮೇಜರ್ ಲೀಗ್‌ನಿಂದ ಹೊರಗಿಡಲಾಗಿದ್ದ ಕಪ್ಪು ಆಟಗಾರರ ಕಥೆಗಳನ್ನು ಕನ್ಸಾಸ್ ಸಿಟಿಯ ನೀಗ್ರೊ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಮ್‌ನ ಅಧ್ಯಕ್ಷ ಬಾಬ್ ಕೆಂಡ್ರಿಕ್ ಅಲ್ಲಿ ಹೇಳುತ್ತಾರೆ, ನಡುನಡುವೆ ನಾವು ಆ ಆಟಗಾರರಾಗಿ ಆಡುತ್ತೇವೆ. ಸ್ಯಾಚೆಲ್ ಪೇಜ್ 1948ರಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕಾಗಿ ಮೇಜರ್ ಲೀಗ್‌ಗೆ ಕಾಲಿಟ್ಟಾಗ ಆತನಿಗೆ 42 ವರ್ಷ. ಎಸೆಯುವ ಚಲನೆಯ ನಡುವೆ ಒಂದು ಕ್ಷಣ ತಡೆದು ಬ್ಯಾಟರ್‌ನ ಲಯ ಕೆಡಿಸುವ ಆತನ ಎಸೆತ ಪ್ರಸಿದ್ಧವಾಗಿತ್ತು. ಪಿಚಿಂಗ್ ಎಂದರೆ ಮುಖ್ಯವಾಗಿ ಇನ್ನೊಬ್ಬರ ಸಮಯವನ್ನು ಕದಡುವುದು ಎಂಬುದು ಆತನ ಕಥೆಯನ್ನು ಆಡಿದವರಿಗೆ ಬೇಗ ಮನದಟ್ಟಾಗುತ್ತದೆ, ಮತ್ತು ಕ್ರೀಡೆಯ ಆಟವೊಂದು ತನ್ನ ಕ್ರೀಡೆಯ ಇತಿಹಾಸಕ್ಕೆ ಇಷ್ಟು ಗೌರವದಿಂದ ಜಾಗ ಕೊಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಫೀಲ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಸೆಯುವ ಮೀಟರ್‌ನಲ್ಲಿ ಅವಸರಕ್ಕಿಂತ ನಿಖರತೆ ಮುಖ್ಯ, ಓಟಗಾರ ಖಂಡಿತ ತಲುಪುವ ಬೇಸಿಗೆ ಎಸೆದು ಉಳಿದವರಿಗೆ ಇನ್ನೊಂದು ಬೇಸ್ ಕೊಡಬಾರದು ಎಂಬಷ್ಟನ್ನು ಪಾಲಿಸಿದರೆ ಸಾಕು. ಬೇಸ್ ಕದಿಯುವುದು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡುವುದು ಮಾತ್ರ ಈಗ ಹಿಂದಿಗಿಂತ ಆಕರ್ಷಕವಾಗಿದೆ. ಮೇಜರ್ ಲೀಗ್ 2023ರಲ್ಲಿ ಬೇಸುಗಳ ಬದಿಯನ್ನು 15 ಇಂಚಿನಿಂದ 18 ಇಂಚಿಗೆ ಹಿಗ್ಗಿಸಿ, ಪಿಚರ್ ಓಟಗಾರನನ್ನು ತಡೆಯಲು ಮಾಡುವ ಪ್ರಯತ್ನಗಳಿಗೂ ಮಿತಿ ಹಾಕಿದ ಮೇಲೆ, ಕದ್ದ ಬೇಸುಗಳ ಸಂಖ್ಯೆ ಹಿಂದಿನ ವರ್ಷದ 2,486ರಿಂದ 3,503ಕ್ಕೆ ಏರಿತು. ವಾಕ್ ಪಡೆದು ಮೊದಲ ಬೇಸಿನಲ್ಲಿ ನಿಂತ ವೇಗದ ಓಟಗಾರ ಪಿಚರ್‌ನನ್ನು ಕಾಡುವ ರೀತಿಯೇ ಬೇರೆ. ಅವನು ಓಡಿಬಿಟ್ಟಾನೆಂಬ ಅಂಜಿಕೆಯಿಂದ ಎದುರಾಳಿ ನಿಧಾನದ ಎಸೆತಗಳನ್ನು ಬಿಟ್ಟು ಫಾಸ್ಟ್‌ಬಾಲ್‌ಗಳನ್ನೇ ಎಸೆಯತೊಡಗುತ್ತಾನೆ, ನೀವು ಕಾಯುತ್ತಿದ್ದ ಎಸೆತವೂ ಅದೇ.

ಕಂಪ್ಯೂಟರ್ ಬದಲು ಮನುಷ್ಯರೊಡನೆ ಆಡುವಾಗ ಇನ್ನೊಂದು ಎಚ್ಚರ ಬೇಕು. ಎದುರಿನವರೂ ನಿಮ್ಮನ್ನು ಓದುತ್ತಿರುತ್ತಾರೆ. ನೀವು ಪ್ರತಿ ಬ್ಯಾಟರ್‌ನ ಮೊದಲ ಎಸೆತವನ್ನು ತಪ್ಪದೆ ಬಿಡುತ್ತೀರಿ ಎಂಬುದು ಮೂರನೆಯ ಇನ್ನಿಂಗ್ಸ್‌ನ ವೇಳೆಗೆ ಅವರಿಗೆ ತಿಳಿದಿರುತ್ತದೆ, ಆ ಬಳಿಕ ಮೊದಲ ಎಸೆತಕ್ಕೆ ಅವರು ಅಂಚನ್ನು ಹುಡುಕುವ ಗೋಜಿಗೆ ಹೋಗುವುದಿಲ್ಲ. ಸುಲಭವಾಗಿ ಒಂದು ಸ್ಟ್ರೈಕ್ ಪಡೆಯಲೆಂದು ಪ್ಲೇಟಿನ ನಡುವಿಗೇ ಫಾಸ್ಟ್‌ಬಾಲ್ ಎಸೆಯುತ್ತಾರೆ. ಬೇಸಿನಲ್ಲಿ ಓಟಗಾರರಿರುವ, ತಂಡದ ಬಲಿಷ್ಠ ಬ್ಯಾಟರ್ ನಿಂತಿರುವ ಇನ್ನಿಂಗ್ಸ್‌ವರೆಗೆ ಆ ಅಭ್ಯಾಸವನ್ನು ಅವರಲ್ಲಿ ಬೆಳೆಯಲು ಬಿಡಿ, ಅಂದು ಬರುವ ಮೊದಲ ಎಸೆತವನ್ನು ಮಾತ್ರ ಬಿಡಬೇಡಿ.