ದಶಮಾಂಶ ರೌಂಡ್ ಆಫ್: 5ರ ನಿಯಮ ಹೇಳುವ ಮೊದಲು

‘5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಿಂದಿನ ಅಂಕಿಗೆ ಒಂದು ಕೂಡಿಸು, ಕಡಿಮೆ ಇದ್ದರೆ ಬಿಟ್ಟುಬಿಡು.’ ರೌಂಡ್ ಆಫ್ ಪಾಠ ಬಹಳ ಕಡೆ ಈ ಸಾಲಿನಿಂದಲೇ ಶುರುವಾಗುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಸುಲಭದ ಲೆಕ್ಕಗಳನ್ನು ಸರಿಯಾಗಿಯೇ ಮಾಡುತ್ತಾರೆ. 4.97 ಬಂದಾಗ, 2.347 ಬಂದಾಗ ಎಡವುತ್ತಾರೆ. ನಿಯಮ ಕೊನೆಗೆ ಬರಲಿ. ಮೊದಲು ಮಗುವಿನ ಮನಸ್ಸಿನಲ್ಲಿ ಕೂರಬೇಕಾದದ್ದು ಒಂದೇ ಪ್ರಶ್ನೆ: ಈ ಸಂಖ್ಯೆ ಯಾವ ಎರಡರ ನಡುವೆ ಇದೆ, ಅವೆರಡರಲ್ಲಿ ಯಾವುದಕ್ಕೆ ಹತ್ತಿರ?

ಅದಕ್ಕೂ ಮುಂಚೆ ಓದುವ ರೀತಿ ತಿದ್ದಬೇಕು. ರೂಪಾಯಿ ಪೈಸೆಯ ಅಭ್ಯಾಸದಲ್ಲಿ 2.35 ಅನ್ನು ‘ಎರಡು ಪಾಯಿಂಟ್ ಮೂವತ್ತೈದು’ ಎಂದು ಓದುವ ಮಗುವಿಗೆ 2.4 ಚಿಕ್ಕದಾಗಿ ಕಾಣುತ್ತದೆ. ಮೂವತ್ತೈದು ನಾಲ್ಕಕ್ಕಿಂತ ದೊಡ್ಡದಲ್ಲವೇ? ‘ಎರಡು ಪಾಯಿಂಟ್ ಮೂರು ಐದು’ ಎಂದೇ ಓದಿಸಿ. 2.4 ಅನ್ನು 2.40 ಎಂದು ಬರೆಸಿ ಪಕ್ಕದಲ್ಲಿಟ್ಟು ಹೋಲಿಸಲು ಹೇಳಿ. ಈ ಗೊಂದಲ ಉಳಿದಿದ್ದರೆ ಮುಂದಿನದ್ದೆಲ್ಲ ವ್ಯರ್ಥ.

ಇನ್ನು ನೋಟ್‌ಬುಕ್ಕಿನಲ್ಲಿ ಸ್ಕೇಲ್ ಹಿಡಿದು ಸರಿಯಾಗಿ 10 ಸೆಂಟಿಮೀಟರಿನ ಗೆರೆ ಎಳೆಸಿ. ಎಡತುದಿಗೆ 2.3, ಬಲತುದಿಗೆ 2.4 ಎಂದು ಬರೆಯಲಿ. ಈಗ ಒಂದೊಂದು ಸೆಂಟಿಮೀಟರ್ ಒಂದೊಂದು ಶತಾಂಶ, ಒಂದೊಂದು ಮಿಲಿಮೀಟರ್ ಒಂದೊಂದು ಸಹಸ್ರಾಂಶ. 5 ಸೆಂಟಿಮೀಟರ್ ಗುರುತಿನ ಮೇಲೆ ಕೆಂಪು ಪೆನ್ನಿನಲ್ಲಿ ಉದ್ದನೆಯ ಗೀಟು ಹಾಕಿಸಿ, ಅದು 2.35. ಬಿಂದುವಿನ ಬಲಕ್ಕೆ ಒಂದೇ ಸ್ಥಾನ ಉಳಿಯುವಂತೆ ರೌಂಡ್ ಮಾಡಬೇಕು. ಗೆರೆಯ ಮೇಲೆ 2.37 ಎಲ್ಲಿ? 7 ಸೆಂಟಿಮೀಟರಿನಲ್ಲಿ, ಕೆಂಪು ಗೀಟಿನ ಬಲಕ್ಕೆ. ಆದ್ದರಿಂದ 2.4. ಇನ್ನು 2.347? 4.7 ಸೆಂಟಿಮೀಟರಿನಲ್ಲಿ, ಗೀಟಿಗೆ ಮೂರೇ ಮಿಲಿಮೀಟರ್ ಎಡಕ್ಕೆ. ಆದ್ದರಿಂದ 2.3. ಮಗು ಚುಕ್ಕಿ ಇಟ್ಟು, ಎರಡೂ ತುದಿಗೆ ಅಳೆದು ಉತ್ತರ ಹೇಳಬೇಕು. ಕರಿಹಲಗೆಯ ಮೇಲೆ ಮೇಷ್ಟ್ರು ಗೆರೆ ಎಳೆದು ತೋರಿಸಿದರೆ ಸಾಲದು. ಅಳೆಯುವ ಕೈ ಮಗುವಿನದ್ದೇ ಆಗಿರಬೇಕು.

ಗೆರೆ ನೋಡಿದ ಮೇಲೆ 5ರ ನಿಯಮಕ್ಕೆ ಕಾರಣ ತಾನಾಗಿ ಹೊಳೆಯುತ್ತದೆ. ಶತಾಂಶದಲ್ಲಿ 0ಯಿಂದ 4 ಇದ್ದರೆ ಮುಂದೆ ಎಷ್ಟೇ ಅಂಕಿ ಇರಲಿ, ಚುಕ್ಕಿ ಗೀಟಿನ ಎಡಕ್ಕೇ ಬೀಳುತ್ತದೆ, 2.34999 ಕೂಡ ಗೀಟು ದಾಟುವುದಿಲ್ಲ. 5 ಇದ್ದು ಮುಂದೆ ಸೊನ್ನೆಯಲ್ಲದ ಇನ್ನೊಂದು ಅಂಕಿ ಬಂದರೂ ಸಾಕು, ದಾಟಿಬಿಡುತ್ತದೆ. ಹಾಗಾಗಿಯೇ ಒಂದು ಅಂಕಿಯನ್ನಷ್ಟೇ ನೋಡಿದರೆ ಸಾಕಾಗುವುದು. ಸರಿಯಾಗಿ ನಡುವೆ ನಿಂತ 2.35 ಎರಡಕ್ಕೂ ಅಷ್ಟೇ ದೂರ. ಅಲ್ಲಿ ಮೇಲಕ್ಕೆ ಹೋಗುವುದು ಶಾಲೆಯ ಲೆಕ್ಕದಲ್ಲಿ ಸಾಮಾನ್ಯವಾದ ರೂಢಿ, ಅದನ್ನು ರೂಢಿ ಎಂದೇ ಮಕ್ಕಳಿಗೆ ಹೇಳಿ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಂನಲ್ಲೂ ಇದೇ ಇದೆ: ತೆರಿಗೆ ಮೊತ್ತದಲ್ಲಿ 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆ ಇದ್ದರೆ ಬಿಡುವುದು.

ತಪ್ಪುಗಳಿಗೂ ಒಂದು ಜಾಡಿರುತ್ತದೆ. ಎಲ್ಲಕ್ಕಿಂತ ಮೊಂಡಾದದ್ದು ಎರಡು ಸಲ ರೌಂಡ್ ಮಾಡುವುದು: 2.347 ಅನ್ನು ಮೊದಲು 2.35 ಮಾಡಿ, ಆಮೇಲೆ 2.4 ಮಾಡುತ್ತಾರೆ. ಬಲತುದಿಯಿಂದ ಒಂದೊಂದೇ ಅಂಕಿ ಕಳಚುತ್ತ ಬರುವುದು ಮಕ್ಕಳಿಗೆ ಸಹಜ ಅನ್ನಿಸುತ್ತದೆ. ಬೇಕಾದ ಸ್ಥಾನದ ಬಲಕ್ಕೆ ಪೆನ್ಸಿಲಿನಲ್ಲಿ ಒಂದು ಅಡ್ಡಗೋಡೆ ಎಳೆಸಿ: 2.3|47. ಗೋಡೆಯಾಚೆಯ ಮೊದಲ ಅಂಕಿ ಮಾತ್ರ ಮಾತಾಡಬೇಕು, ಉಳಿದವು ಸುಮ್ಮನಿರಬೇಕು.

ಎರಡನೆಯದು 9. 4.97 ಅನ್ನು ಒಂದು ಸ್ಥಾನಕ್ಕೆ ತನ್ನಿ ಅಂದರೆ 4.10 ಎಂದು ಬರೆಯುವವರಿದ್ದಾರೆ, ಒಂಬತ್ತಕ್ಕೆ ಒಂದು ಕೂಡಿದರೆ ಹತ್ತು ತಾನೇ? ಇಲ್ಲಿ ನಿಯಮ ಕೈಬಿಡುತ್ತದೆ, ನೆರೆಯ ಸಂಖ್ಯೆಗಳು ಕೈಹಿಡಿಯುತ್ತವೆ. 4.9ರ ಮುಂದಿನ ದಶಾಂಶ 5.0. ಹಾಗೇ 9.996 ಎರಡು ಸ್ಥಾನಕ್ಕೆ 10.00. ಆ ಸೊನ್ನೆಗಳನ್ನು ಅಳಿಸಬಾರದು. ಎಷ್ಟರ ಮಟ್ಟಿಗೆ ಅಳೆದಿದ್ದೇವೆ ಎಂದು ಹೇಳುವವು ಅವೇ. ಇದಕ್ಕೆ ತದ್ವಿರುದ್ಧ ತಪ್ಪೂ ಉಂಟು. 638 ಅನ್ನು 640 ಮಾಡಿದ ಅಭ್ಯಾಸಬಲದಿಂದ 6.38 ಅನ್ನು ಒಂದು ಸ್ಥಾನಕ್ಕೆ ತರುವಾಗಲೂ 6.40 ಎಂದು ಬರೆಯುತ್ತಾರೆ. ಬಿಂದುವಿನ ಬಲಕ್ಕೆ ಜಾಗ ತುಂಬುವ ಸೊನ್ನೆ ಬೇಡ, 6.4 ಸಾಕು. ಇನ್ನು ‘ಕೆಳಗೆ ಇಳಿಸು’ ಅಂದರೆ 6.32 ಅನ್ನು 6.2 ಮಾಡುವ ಮಕ್ಕಳಿಗೆ ‘ಹಾಗೇ ಇರಲಿ’ ಅಂದರೆ ತೊಂದರೆ ಇಲ್ಲ.

ಯಾವಾಗ ರೌಂಡ್ ಮಾಡಬೇಕು ಎನ್ನುವುದನ್ನು ಪಾಠದಲ್ಲಿ ಹೆಚ್ಚು ಹೇಳುವುದಿಲ್ಲ. ಚಿಕ್ಕಮಗಳೂರು, ಸಕಲೇಶಪುರ ಕಡೆಯ ಮಕ್ಕಳಿಗೆ ಮಳೆ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು, ಕಾಫಿ ತೋಟಗಳಲ್ಲಿ ಈಗಲೂ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ ಸೆಂಟ್ ಎಂಬುದು ಶತಾಂಶವೇ. ಐದು ದಿನದ ಮಳೆ 0.34, 0.42, 1.34, 0.63, 0.74 ಇಂಚು ಇರಲಿ. ಕೂಡಿದರೆ 3.47, ಒಂದು ಸ್ಥಾನಕ್ಕೆ 3.5. ಮೊದಲೇ ರೌಂಡ್ ಮಾಡಿ ಕೂಡಿದರೆ 0.3, 0.4, 1.3, 0.6, 0.7 ಸೇರಿ 3.3. ನಿಜವಾಗಿ ಬಿದ್ದ ಮಳೆಯಲ್ಲಿ 17 ಸೆಂಟ್ ಮಾಯ! ಐದೂ ಸಂಖ್ಯೆಗಳು ಒಂದೇ ದಿಕ್ಕಿಗೆ ವಾಲಿದ್ದರಿಂದ ಹೀಗಾಯಿತು. ಲೆಕ್ಕವೆಲ್ಲ ಮುಗಿದ ಮೇಲೆ, ಕೊನೆಯಲ್ಲಿ ಒಂದೇ ಸಲ ರೌಂಡ್ ಮಾಡಬೇಕು ಎಂಬುದು ಮಕ್ಕಳಿಗೆ ಇಲ್ಲಿ ಕಣ್ಣಿಗೆ ಕಾಣುತ್ತದೆ.

ದೊಡ್ಡ ತರಗತಿಯವರಿಗೆ ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಕೊಡಿ. ಸಾಮಾನ್ಯವಾಗಿ ಹೇಳುವುದು 57 ಅಡಿ. 0.3048ರಿಂದ ಗುಣಿಸಿದರೆ 17.3736 ಮೀಟರ್. ಕ್ಯಾಲ್ಕುಲೇಟರ್ ಕೊಟ್ಟಿತೆಂದು ನಾಲ್ಕೂ ಸ್ಥಾನ ಬರೆದರೆ ಮಿಲಿಮೀಟರಿಗಿಂತ ಸಣ್ಣದನ್ನೂ ಅಳೆದೆವು ಅಂದಂತಾಗುತ್ತದೆ. 57 ಎಂಬುದೇ ಹತ್ತಿರದ ಅಡಿಗೆ ತಂದ ಸಂಖ್ಯೆಯಾದರೆ ನಿಜವಾದ ಎತ್ತರ 56.5ರಿಂದ 57.5 ಅಡಿಯೊಳಗೆ, ಅಂದರೆ ಸುಮಾರು 17.22ರಿಂದ 17.53 ಮೀಟರ್ ಒಳಗೆ ಎಲ್ಲಾದರೂ ಇರಬಹುದು. 17.4 ಎಂದರೆ ಧಾರಾಳವಾಯಿತು. ಇದೇ ಬಗೆಯ ಹಿಮ್ಮುಖ ಪ್ರಶ್ನೆ ಚಿಕ್ಕವರಿಗೂ ಕೇಳಬಹುದು: ರೌಂಡ್ ಮಾಡಿದಾಗ 2.4 ಬರುವ ಸಂಖ್ಯೆಗಳು ಯಾವುವು? 2.35ರಿಂದ ಹಿಡಿದು 2.45ಕ್ಕಿಂತ ಕಡಿಮೆ ಇರುವವೆಲ್ಲ ಎಂದು ಹೇಳಿದ ಮಗುವಿಗೆ ಪಾಠ ಬಂದಿದೆ.

ಎಲ್ಲ ಕಡೆಯೂ ಹತ್ತಿರದ್ದೇ ಸರಿಯಲ್ಲ. 53 ಮಕ್ಕಳು ಹಾಸನದಿಂದ ಬೇಲೂರು, ಹಳೇಬೀಡಿಗೆ ಹೊರಟಿದ್ದಾರೆ, ಒಂದು ಗಾಡಿಗೆ 12 ಜನ. 53ನ್ನು 12ರಿಂದ ಭಾಗಿಸಿದರೆ 4.41…, ನಾಲ್ಕು ಗಾಡಿ ಅಂದರೆ ಐವರು ಹಾಸನದಲ್ಲೇ ಉಳಿಯುತ್ತಾರೆ, ಐದು ಬೇಕು. ಒಂದು ಅಂಗಿಗೆ 1.5 ಮೀಟರಿನಂತೆ 10 ಮೀಟರ್ ಬಟ್ಟೆಯಲ್ಲಿ 6.66… ಬಂದರೂ ಅಂಗಿ ಆರೇ.

ಲೆಕ್ಕಕ್ಕೆ ಸಂಖ್ಯೆ ಆರಿಸುವಾಗ ಶಿಕ್ಷಕರು ಒಂದು ಎಚ್ಚರ ವಹಿಸಬೇಕು. ಚುಕ್ಕಿ ಇದ್ದದ್ದೆಲ್ಲ ದಶಮಾಂಶವಲ್ಲ. ಪಹಣಿಯಲ್ಲಿ 2 ಎಕರೆ 25 ಗುಂಟೆಯನ್ನು ಚುಕ್ಕಿ ಇಟ್ಟು 2.25 ಎಂದು ತೋರಿಸುತ್ತಾರೆ. ರೈತರ ಮನೆಯ ಮಕ್ಕಳು ಅದನ್ನೇ ಹತ್ತಿರದ ಎಕರೆಗೆ ತಂದು 2 ಎಂದು ಬರೆಯುತ್ತಾರೆ. ಎಕರೆಗೆ 40 ಗುಂಟೆ, 25ನ್ನು 40ರಿಂದ ಭಾಗಿಸಿದರೆ 0.625, ಅಂದರೆ ಜಮೀನು 2.625 ಎಕರೆ, ಉತ್ತರ 3. ಕ್ರಿಕೆಟ್ಟಿನ 18.3 ಓವರ್ ಕೂಡ ಹಾಗೆಯೇ: ಆರು ಎಸೆತದಲ್ಲಿ ಮೂರು ಮುಗಿದಿವೆ, ದಶಮಾಂಶದಲ್ಲಿ ಅದು 18.5.